ಓಡುವ ಹಕ್ಕು ಶ್ರಮಜೀವಿಗೂ ಇದೆ

ಪ್ರತಿ ವರ್ಷ ಜನವರಿ ತಿಂಗಳ ಮೂರನೆಯ ರವಿವಾರ ಮುಂಬಯಿ ನಗರದಲ್ಲಿ ಮ್ಯಾರಥಾನ್ ಓಟ ನಡೆಯುವುದು ನಮ್ಮ ವಾಚಕರಿಗೆಲ್ಲ ಗೊತ್ತಿರುವ ಸಂಗತಿ. 2004ರಲ್ಲಿ ಪ್ರಾರಂಭವಾದ ಈ ಓಟ, ಕೊರೋನಾ ಮಾರಿಯ ಕಾಲದ 2021 ಮತ್ತು 2022ನೇ ಇಸವಿಗಳನ್ನು ಬಿಟ್ಟರೆ, ತಪ್ಪದೆ ನಡೆದು ಬಂದಿದೆ. ಅಂದು ಬೆಳಗಿನ ಜಾವದಿಂದಲೇ ಕೋಟೆ ಭಾಗದ ರಸ್ತೆಗಳು ಮುಚ್ಚಿರುತ್ತವೆ. ಬಸ್ಸುಗಳು ಸುತ್ತಿ ಬಳಸಿ ಹೋಗುತ್ತವೆ. ಓಟ ಮುಗಿಸಿದವರು ಕೊರಳಲ್ಲಿ ಪದಕ ತೂಗಾಡಿಸಿಕೊಂಡು, ಬೆವರಿದ ಅಂಗಿಯಲ್ಲೇ ನಮ್ಮ ಹೋಟೆಲುಗಳಿಗೆ ಬಂದು ಕೂರುತ್ತಾರೆ. ಅವರಿಗೆ ಇಡ್ಲಿ ವಡೆ ತಂದಿಡುವುದು, ಸಾಂಬಾರು ಮತ್ತೆ ಮತ್ತೆ ಬಡಿಸುವುದು, ಮೇಜು ಒರೆಸುವುದು ನಮ್ಮವರ ಪಾಲಿಗೆ ಬಂದ ಮ್ಯಾರಥಾನು.

ಈ ಓಟದ ಜೊತೆಯಲ್ಲೇ ಅರ್ಧ ಮ್ಯಾರಥಾನ್ ಎಂಬ ಇನ್ನೊಂದು ಓಟವೂ ಇದೆ. ಅದರ ದೂರ 21 ಕಿಲೋಮೀಟರು 97 ಮೀಟರು ಚಿಲ್ಲರೆ. ಮೊದಲ ಸಲ ದೂರದ ಓಟಕ್ಕೆ ಇಳಿಯುವವರಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಇದನ್ನೇ. ನಮ್ಮ ಸಂಘದ ಕೆಲವು ತರುಣರು ಬರುವ ವರ್ಷ ಇದರಲ್ಲಿ ಓಡಬೇಕೆಂದು ಆಸೆಪಟ್ಟಿರುವರೆಂದೂ, ಹಿರಿಯರು ಕೆಲವರು ಅದಕ್ಕೆ ನಕ್ಕರೆಂದೂ ಕೇಳಿದೆ. ನಕ್ಕವರ ಮಾತಿಗೂ ಉತ್ತರ ಬೇಕು, ಆಸೆಪಟ್ಟವರಿಗೂ ನಾಲ್ಕು ತಿಳುವಳಿಕೆಯ ಮಾತು ಬೇಕು. ಆದ್ದರಿಂದ ಈ ಲೇಖನ.

ಹಿರಿಯರ ಆಕ್ಷೇಪ

ಹಿರಿಯರು ಹೇಳುವುದೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಂತಾಯಿತು ಇದು. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಹೋಟೆಲಿನ ಹುಡುಗ ದಿನವಿಡೀ ಓಡುತ್ತಲೇ ಇರುತ್ತಾನೆ. ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಗಲ್ಲೆಗೆ, ಗಲ್ಲೆಯಿಂದ ಮತ್ತೆ ಅಡುಗೆಮನೆಗೆ. ಅವನಿಗೆ ಇನ್ನೊಂದು ಓಟ ಯಾಕೆ? ಕುರ್ಚಿಯಲ್ಲಿ ಕೂತು ಸಂಬಳ ಎಣಿಸುವವರು, ಮೈ ಬೆಳೆಸಿಕೊಂಡವರು, ಅದನ್ನು ಇಳಿಸಲು ಓಡಲಿ. ನಮ್ಮ ಮೈಯಲ್ಲಿ ಇಳಿಸಲು ಏನಿದೆ?

ಈ ಮಾತಿನಲ್ಲಿ ನೋವೂ ಇದೆ, ನಿಜವೂ ಇದೆ. ಆದರೆ ಇದರೊಳಗೆ ಒಂದು ತಪ್ಪು ತಿಳುವಳಿಕೆ ಸೇರಿಕೊಂಡಿದೆ. ದುಡಿಮೆಯೇ ವ್ಯಾಯಾಮವೆಂದು ಎಷ್ಟೋ ಕಾಲದಿಂದ ಧಣಿಗಳೂ ಹೇಳುತ್ತ ಬಂದಿದ್ದಾರೆ, ನಾವೂ ನಂಬುತ್ತ ಬಂದಿದ್ದೇವೆ. ಅದು ಹಾಗಲ್ಲ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯಲ್ಲಿ ಮೈ ದಣಿಸುವವರಲ್ಲಿ ಹೃದಯದ ಕಾಯಿಲೆಯೂ ಅಕಾಲ ಮರಣವೂ ಕಡಿಮೆ. ಕೆಲಸದಲ್ಲಿ ಹೆಚ್ಚು ಮೈ ದಣಿಸುವವರಲ್ಲಿ ಅವು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಬೀಡಿ ಸಿಗರೇಟು, ಕುಡಿತ, ವಿದ್ಯೆ, ವರಮಾನ ಮೊದಲಾದವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಫಲ ಹಾಗೆಯೇ ಉಳಿಯಿತು. ಕಾರಣ ಯಾವುದೆಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ. ಆದರೆ ಅವರು ಮುಂದಿಡುವ ಕಾರಣಗಳನ್ನು ಓದಿದರೆ, ಯಾರೋ ನಮ್ಮ ಹೋಟೆಲಿನ ಮೂಲೆಯಲ್ಲಿ ನಿಂತು ನೋಡಿ ಬರೆದಂತಿದೆ.

ವ್ಯಾಯಾಮ ಮಾಡುವವನು ಅರ್ಧ ಗಂಟೆಯೋ ಒಂದು ಗಂಟೆಯೋ ಹೃದಯದ ಬಡಿತವನ್ನು ಚೆನ್ನಾಗಿ ಏರಿಸಿ, ಆಮೇಲೆ ವಿಶ್ರಮಿಸುತ್ತಾನೆ. ಆ ವಿಶ್ರಾಂತಿಯಲ್ಲೇ ದೇಹ ಬಲಿಯುವುದು. ದುಡಿಯುವವನ ಬಡಿತ ಅಷ್ಟು ಏರುವುದೂ ಇಲ್ಲ, ಹತ್ತು ಹನ್ನೆರಡು ಗಂಟೆ ಪೂರಾ ಇಳಿಯುವುದೂ ಇಲ್ಲ. ರಕ್ತದ ಒತ್ತಡ ದಿನವಿಡೀ ಮೇಲೆಯೇ ನಿಂತಿರುತ್ತದೆ. ಕಾಲು ನೊಂದರೆ ಕೂರುವ ಸ್ವಾತಂತ್ರ್ಯ ಅವನಿಗಿಲ್ಲ. ಭಾರ ಎತ್ತುವುದು, ಒಂದೇ ಕಡೆ ನಿಲ್ಲುವುದು, ಒಲೆಯ ಕಾವು, ಗಿರಾಕಿಯ ಗದರಿಕೆ, ಇವೆಲ್ಲ ಸೇರಿ ದೇಹ ತೇಯುತ್ತದೆ, ಬಲಿಯುವುದಿಲ್ಲ. ಇಪ್ಪತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತ ಭಟ್ಟರ ಮೊಣಕಾಲ ಕೆಳಗೆ ಹಗ್ಗದಂತೆ ಉಬ್ಬಿದ ನೀಲಿ ನರಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದ್ದರಿಂದ ‘ದಿನವಿಡೀ ಓಡಾಡುತ್ತೀಯಲ್ಲ, ಇನ್ನು ವ್ಯಾಯಾಮ ಯಾಕೆ’ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಸ್ಪಷ್ಟವಾಗಿರಬೇಕು. ದಿನವಿಡೀ ಓಡಾಡುವುದು ಧಣಿಯ ಕೆಲಸಕ್ಕೆ. ನಮ್ಮ ಮೈಗಾಗಿ, ನಮ್ಮ ಮನಸ್ಸಿಗಾಗಿ ಓಡುವುದು ಬೇರೆ. ಮೊದಲನೆಯದು ಎರಡನೆಯದರ ಬದಲಿಗೆ ಆಗುವುದಿಲ್ಲ.

ಈ ಓಟ ಯಾರದು?

ಇನ್ನೊಂದು ಆಕ್ಷೇಪ, ಇದು ದೊಡ್ಡವರ ಆಟ ಎಂಬುದು. ಇಂದಿನ ಪ್ರವೇಶಶುಲ್ಕವನ್ನೂ ಬೂಟುಗಳ ಬೆಲೆಯನ್ನೂ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಇತಿಹಾಸವನ್ನು ತೆರೆದು ನೋಡಿದರೆ ಬೇರೆಯೇ ಕಾಣುತ್ತದೆ.

1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಒಲಿಂಪಿಕ್ ಮ್ಯಾರಥಾನನ್ನು ಗೆದ್ದವನು ಸ್ಪಿರಿಡಾನ್ ಲೂಯಿ. ಅವನು ಮರೂಸಿ ಎಂಬ ಊರಿನವನು. ಅಥೆನ್ಸಿಗೆ ನೀರು ಸಾಗಿಸುವುದು ಅವನ ಜೀವನೋಪಾಯವಾಗಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೀರು ಹೊರುವವನು.

ನಮ್ಮ ದೇಶದ ಕಥೆಯೂ ಹಾಗೆಯೇ. ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ 1919ರಲ್ಲಿ ನಡೆದ ಕ್ರೀಡಾಕೂಟದಲ್ಲಿ ರೈತಾಪಿ ಜನ ಬರಿಗಾಲಲ್ಲಿ ಮೈಲಿಗಟ್ಟಲೆ ಓಡಿದ್ದನ್ನು ದೊರಾಬ್ಜಿ ಟಾಟಾ ಅವರು ಕಂಡರು. ತರಬೇತಿಯ ಗಂಧವೇ ಇಲ್ಲದ ಇವರು ಓಡಿದ ವೇಗ ಪರದೇಶದ ಪಳಗಿದ ಓಟಗಾರರಿಗೆ ಹತ್ತಿರವಾಗಿದೆಯಲ್ಲ ಎಂದು ಬೆರಗಾದರು. 1920ರ ಆಂಟ್‌ವರ್ಪ್ ಒಲಿಂಪಿಕ್ಕಿಗೆ ಭಾರತದ ತಂಡ ಹೋಗುವುದಕ್ಕೆ ಅದೇ ಮೂಲವಾಯಿತು. ಆ ತಂಡದಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದವರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಮುಂಬಯಿ ಓಟದ ಹೆಸರಿನ ಮುಂದೆ 2018ರಿಂದ ಟಾಟಾ ಮನೆತನದ ಹೆಸರು ಸೇರಿದೆ. ಆದರೆ ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಆ ಮನೆತನದವರ ಕಣ್ಣಿಗೆ ಬಿದ್ದದ್ದು ಬರಿಗಾಲ ರೈತನ ಓಟ ಎಂಬುದನ್ನು ನಮ್ಮ ತರುಣರು ನೆನಪಿಡಬೇಕು.

ಇನ್ನು ಓಟ ನಡೆಯುವ ದಿನವನ್ನೇ ತೆಗೆದುಕೊಳ್ಳಿ. ರವಿವಾರದ ರಜೆ ಆಕಾಶದಿಂದ ಬಿದ್ದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ, ವಾರದ ಏಳು ದಿನವೂ ದುಡಿಯುತ್ತಿದ್ದ ಕಾಲವೊಂದಿತ್ತು. ಜೋತಿರಾವ್ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಗಿರಣಿ ಕಾರ್ಮಿಕರನ್ನು ಕೂಡಿಸಿ, ಸಭೆ ಕರೆದು, ಅರ್ಜಿ ಕೊಟ್ಟು, ಬಿಡದೆ ಹೋರಾಡಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರಕ್ಕೊಂದು ದಿನದ ರಜೆಗೆ ಒಪ್ಪಿತು, ಅದು ರವಿವಾರ. ಇಂದು ಸಾವಿರಾರು ಜನ ನಿಶ್ಚಿಂತೆಯಿಂದ ಸಮುದ್ರದಂಡೆಯಲ್ಲಿ ಓಡುವ ರವಿವಾರ ಗಿರಣಿಯವರು ಬೆವರು ಸುರಿಸಿ ಗಳಿಸಿಕೊಟ್ಟದ್ದು. ಗಳಿಸಿದವರ ಮಕ್ಕಳು ಮೊಮ್ಮಕ್ಕಳು ಆ ದಿನ ರಸ್ತೆಯ ಬದಿಯಲ್ಲಿ ನಿಂತು ನೋಡುವುದಷ್ಟೇ ಎಂದಾದರೆ ಅದು ನ್ಯಾಯವೇ?

ಓಟದ ದಾರಿಯೂ ಯೋಚಿಸುವಂತಿದೆ. ಅದು ಕಡಲಂಚಿನ ದಾರಿ. ಲಾಲ್‌ಬಾಗ್, ಪರೇಲುಗಳ ಚಾಳುಗಳ ನಡುವೆ ಅದು ಹಾಯುವುದಿಲ್ಲ. 1982ರ ಜನವರಿಯಲ್ಲಿ ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ನಂತರ ಗಿರಣಗಾಂವಿನ ಚಿಮಣಿಗಳು ಒಂದೊಂದಾಗಿ ಆರಿದವು. ಫೀನಿಕ್ಸ್ ಗಿರಣಿ ಇದ್ದ ಜಾಗದಲ್ಲಿ ಇಂದು ಬೆಲೆಬಾಳುವ ಅಂಗಡಿಗಳ ಸಂತೆ ಇದೆ. ಅಲ್ಲಿ ಈಗ ಓಟದ ಬೂಟುಗಳನ್ನೂ ಮಾರುತ್ತಾರೆ. ನಗರ ಹೀಗೆ ಬದಲಾಯಿತೆಂದು ಅಳುತ್ತ ಕೂತರೆ ಪ್ರಯೋಜನವಿಲ್ಲ. ಆದರೆ ಬದಲಾದ ನಗರದ ರಸ್ತೆಗಳಲ್ಲಿ ನಮಗೂ ಪಾಲುಂಟೆಂದು ತೋರಿಸುವುದರಲ್ಲಿ ಪ್ರಯೋಜನವಿದೆ.

ರಸ್ತೆಯ ಮೇಲೆ ಕಂಡದ್ದು

ಇದನ್ನೆಲ್ಲ ಪುಸ್ತಕ ನೋಡಿ ಬರೆಯುತ್ತಿರುವನೆಂದು ವಾಚಕರು ಭಾವಿಸಬಾರದು. 2013ರ ಜನವರಿಯಲ್ಲಿ ನಾನೂ ಮೊದಲ ಸಲ ಅರ್ಧ ಮ್ಯಾರಥಾನ್ ಓಡಿದೆ. ಆಗ ನನಗೆ ನಲವತ್ತೊಂದು ವರ್ಷ. ಹೋಟೆಲಿನಲ್ಲಿ ನಿಂತು ದುಡಿದದ್ದು ಇಪ್ಪತ್ತೆರಡು ವರ್ಷ. ಹೊರಡುವ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಆ ವರ್ಷ ಬಾಂದ್ರಾದಿಂದ ಹೊರಟು, ಸಮುದ್ರದ ಮೇಲಿನ ಸೇತುವೆ ದಾಟಿ, ವರಳಿ, ಹಾಜಿ ಅಲಿ, ಪೆಡ್ಡರ್ ರೋಡ್, ಚೌಪಾಟಿ, ಮರೀನ್ ಡ್ರೈವ್ ಹಾದು ನಮ್ಮ ಹಿರಿಯರ ಬೋರಿಬಂದರದ ಬಳಿ ಮುಗಿಯುತ್ತಿತ್ತು.

2009ರಲ್ಲಿ ತೆರೆದ ಬಾಂದ್ರಾ-ವರಳಿ ಸೇತುವೆಯ ಉದ್ದ ಐದೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅದರ ಮೇಲೆ ನಡೆದು ಹೋಗುವವರಿಗೆ ಪ್ರವೇಶವಿಲ್ಲ. ಸೈಕಲ್ಲಿಗೂ ಇಲ್ಲ, ಮೋಟಾರ್ ಸೈಕಲ್ಲಿಗೂ ಇಲ್ಲ. ಸಿಮೆಂಟು ಹೊತ್ತು ಅದನ್ನು ಕಟ್ಟಿದ ಕೂಲಿಯವನು ಇಂದು ತನ್ನ ಕಾಲಮೇಲೆ ಅದನ್ನು ದಾಟುವಂತಿಲ್ಲ. ಇಂಥ ಓಟದ ದಿನ ಮಾತ್ರ ಅದು ಕಾಲಿನವರಿಗೆ ತೆರೆಯುತ್ತದೆ. ಸೂರ್ಯ ಹುಟ್ಟುವ ಮೊದಲೇ ನಾವು ಅದರ ಮೇಲಿದ್ದೆವು. ಬಲಕ್ಕೆ ಕತ್ತಲೆಯ ಸಮುದ್ರ, ಎಡಕ್ಕೆ ಮಾಹಿಮ್, ದಾದರ್ ಕಡೆಯ ದೀಪಗಳು. ಕಾರಿನ ಹಾರನ್ನು ಇಲ್ಲ, ಎಂಜಿನ್ನಿನ ಸದ್ದಿಲ್ಲ. ಸಾವಿರಾರು ಕಾಲುಗಳು ನೆಲಕ್ಕೆ ಬಡಿಯುವ ಸದ್ದೊಂದೇ. ಇಷ್ಟು ವರ್ಷ ಈ ನಗರದಲ್ಲಿದ್ದೂ ನಾನು ಅದನ್ನು ಆ ಕಡೆಯಿಂದ ನೋಡಿರಲಿಲ್ಲ. ಹೋಟೆಲು, ಖೋಲಿ, ಲೋಕಲ್ ಗಾಡಿ, ಮತ್ತೆ ಹೋಟೆಲು, ಇಷ್ಟರಲ್ಲೇ ನಮ್ಮ ಮುಂಬಯಿ ಮುಗಿದುಹೋಗಿರುತ್ತದೆ.

ವರಳಿಯ ತನಕ ಕಾಲು ಹಗುರಾಗಿತ್ತು. ಪೆಡ್ಡರ್ ರೋಡಿನ ಏರು ಬಂದಾಗ ಹಗುರವೆಲ್ಲ ಇಳಿಯಿತು. ಓಟದ ಬಹುಭಾಗ ಮುಗಿದು ಶಕ್ತಿ ಬತ್ತುವ ಹೊತ್ತಿಗೇ ಈ ಏರು ಎದುರಾಗುತ್ತದೆ. ಅಲ್ಲಿ ನಾನು ನಡೆದೆ. ನಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ; ಅಕ್ಕಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿಯಂತೆ ಕಂಡವರೂ ನಡೆಯುತ್ತಿದ್ದರು. ರಸ್ತೆಯ ಬದಿಯಲ್ಲಿ ಜನ ಕಿತ್ತಳೆಯ ತೊಳೆ, ಬಿಸ್ಕತ್ತು, ನೀರು ಹಿಡಿದು ನಿಂತಿದ್ದರು. ಒಬ್ಬ ವೃದ್ಧ ತಾಯಿ ತಟ್ಟೆಯನ್ನು ನನ್ನ ಮುಂದೆ ಹಿಡಿದು, ತೆಗೆದುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದರು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಮುಂದೆ ತಟ್ಟೆ ಇಟ್ಟವನಿಗೆ ಇನ್ನೊಬ್ಬರು ತಟ್ಟೆ ಹಿಡಿದದ್ದು ಆ ದಿನ. ಆಕೆಗೆ ನಾನು ಯಾರೆಂದು ಗೊತ್ತಿಲ್ಲ. ನನ್ನ ಎದೆಯ ಮೇಲೆ ಒಂದು ನಂಬರು ಇತ್ತು, ಅಷ್ಟೇ. ಅಲ್ಲಿ ಮಾಣಿಯೂ ಇಲ್ಲ, ಸಾಹೇಬನೂ ಇಲ್ಲ; ಎಲ್ಲರ ಎದೆಯ ಮೇಲೂ ನಂಬರೇ.

ಮರೀನ್ ಡ್ರೈವಿನಲ್ಲಿ ಬಿಸಿಲು ಏರಿತ್ತು. ಕಣ್ಣಿಗೆ ಚೆಂದವಾದ ಆ ರಸ್ತೆ ದಣಿದ ಕಾಲಿಗೆ ಮುಗಿಯುವುದೇ ಇಲ್ಲ. ಎರಡು ಗಂಟೆ ನಲವತ್ತೆಂಟು ನಿಮಿಷಕ್ಕೆ ಗುರಿ ಮುಟ್ಟಿದೆ. ಎಂದರೆ ಕಿಲೋಮೀಟರಿಗೆ ಹೆಚ್ಚು ಕಡಿಮೆ ಎಂಟು ನಿಮಿಷ. ಓಟಗಾರರ ಲೆಕ್ಕದಲ್ಲಿ ಇದು ದೊಡ್ಡ ಸಾಧನೆಯಲ್ಲ. ಆದರೆ ಯಾರೂ ಕರೆಯದೆ, ಯಾರೂ ಆಜ್ಞೆ ಮಾಡದೆ, ಸಂಬಳದ ಆಸೆಯಿಲ್ಲದೆ ನನ್ನ ಕಾಲುಗಳು ನನಗಾಗಿ ದುಡಿದ ಅಷ್ಟು ದೀರ್ಘ ಕಾಲ ಅದಕ್ಕೆ ಮೊದಲು ನನ್ನ ಬದುಕಿನಲ್ಲಿ ಇರಲಿಲ್ಲ.

ತರುಣರಿಗೆ ತಿಳುವಳಿಕೆಯ ಮಾತು

ಇನ್ನು ಆಸೆಪಟ್ಟ ತರುಣರಿಗೆ. ಇಪ್ಪತ್ತೊಂದು ಕಿಲೋಮೀಟರು ಹುಡುಗಾಟವಲ್ಲ. ಹುಮ್ಮಸ್ಸಿನಲ್ಲಿ ನೇರವಾಗಿ ಹೋಗಿ ಓಡಿದರೆ ಮೊಣಕಾಲೋ ಮೀನಖಂಡವೋ ಕೆಟ್ಟು ವಾರಗಟ್ಟಲೆ ಕೆಲಸ ತಪ್ಪುತ್ತದೆ. ನಮ್ಮಂಥವರಿಗೆ ಕಾಲೇ ಬಂಡವಾಳ. ಆದ್ದರಿಂದ ಕನಿಷ್ಠ ನಾಲ್ಕು ತಿಂಗಳ ಸಿದ್ಧತೆ ಬೇಕು. ಗಣೇಶ ಚೌತಿ ಮುಗಿದ ಕೂಡಲೇ ಶುರುಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಕಾಲು ಪಳಗುತ್ತದೆ. ಹೆಸರು ನೋಂದಾಯಿಸುವುದು ಮಾತ್ರ ತಿಂಗಳುಗಳ ಮೊದಲೇ ಆಗಬೇಕು. ಅದರ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು.

ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ನಲವತ್ತು ದಾಟಿದವರು, ಮನೆತನದಲ್ಲಿ ಹೃದಯಾಘಾತ ಕಂಡವರು ಇದನ್ನು ಬಿಡಲೇಬಾರದು. ಆಮೇಲೆ ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಅರ್ಧ ಅರ್ಧ ಗಂಟೆ, ಒಂದು ದಿನ ದೀರ್ಘ ಓಟ. ಮೊದಮೊದಲು ಎರಡು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ. ಪಕ್ಕದವನೊಡನೆ ಮಾತಾಡುತ್ತ ಓಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ದೀರ್ಘ ಓಟವನ್ನು ನಾಲ್ಕು ಕಿಲೋಮೀಟರಿನಿಂದ ಪ್ರಾರಂಭಿಸಿ ವಾರಕ್ಕೆ ಒಂದು ಒಂದೂವರೆ ಕಿಲೋಮೀಟರಿನಂತೆ ಏರಿಸಿ. ನಡುನಡುವೆ ಒಂದು ವಾರ ಇಳಿಸಿ. ಹದಿನೇಳು ಹದಿನೆಂಟು ಮುಟ್ಟಿದರೆ ಉಳಿದದ್ದನ್ನು ಆ ದಿನದ ಉತ್ಸಾಹವೇ ದಾಟಿಸುತ್ತದೆ. ಕೊನೆಯ ಎರಡು ವಾರ ಓಟ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಡಿ.

ಬೆಳಗಿನ ಪಾಳಿಯವರು ಬಿಸಿಲಿಳಿದ ಮೇಲೆ ಓಡಲಿ. ಮಧ್ಯಾಹ್ನದ ಪಾಳಿಯವರು ಬೆಳಗ್ಗೆ ಓಡಲಿ. ಎರಡು ಪಾಳಿ ಒಟ್ಟಿಗೆ ಮಾಡಿದ ದಿನ, ನಿದ್ದೆಗೆಟ್ಟ ದಿನ, ಜ್ವರ ಬಂದ ದಿನ ಓಡಲೇಬೇಡಿ. ಎದೆಯಲ್ಲಿ ಬಿಗಿತ, ತಲೆಸುತ್ತು, ಉಸಿರಿನ ಕಟ್ಟು ಕಂಡರೆ ಅಲ್ಲಿಯೇ ನಿಂತು ಸಹಾಯ ಕೇಳಿ. ಪದಕ ಮುಂದಿನ ವರ್ಷವೂ ಸಿಗುತ್ತದೆ. ಅಕ್ಟೋಬರಿನ ಸೆಕೆಯಲ್ಲಿ ನೀರಿನ ಜೊತೆ ಉಪ್ಪೂ ಮೈಯಿಂದ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆಯ ಶರಬತ್ತು, ಬಾಳೆಹಣ್ಣು, ರಾಗಿಯ ಅಂಬಲಿ, ಇವು ನಮ್ಮ ಮನೆಯ ಔಷಧಗಳೇ. ಬಾಯಾರಿಕೆ ನೋಡಿ ಕುಡಿಯಿರಿ. ಹೆದರಿ ಮಿತಿಮೀರಿ ಬರಿಯ ನೀರು ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೂ ಅಪಾಯವೇ.

ಬೂಟು ಬೆಲೆಬಾಳಬೇಕೆಂದಿಲ್ಲ, ಪಾದಕ್ಕೆ ಸರಿಯಾಗಿರಬೇಕು, ತಿಂಗಳ ಹಿಂದೆಯೇ ಕೊಂಡು ಪಳಗಿಸಿರಬೇಕು. ಓಟದ ದಿನ ಹೊಸ ಬೂಟು, ಹೊಸ ತಿಂಡಿ ಎರಡೂ ಬೇಡ. ಸ್ಪರ್ಧೆಯ ಶುಲ್ಕ ಕೈಗೆಟುಕದಿದ್ದರೆ ನಿರಾಶರಾಗಬೇಡಿ. ಶಿವಾಜಿ ಪಾರ್ಕಿನ ಸುತ್ತ, ಮರೀನ್ ಡ್ರೈವಿನ ಕಟ್ಟೆಯ ಉದ್ದಕ್ಕೂ ಓಡುವುದಕ್ಕೆ ಯಾರೂ ಟಿಕೇಟು ಕೇಳುವುದಿಲ್ಲ. ಪುಣೆ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಬಾಂಧವರಿಗೂ ಆಯಾ ಊರಿನಲ್ಲಿ ಇಂಥ ಓಟಗಳುಂಟು. ಪುಣೆಯದಂತೂ 1983ರಷ್ಟು ಹಿಂದೆಯೇ ಪ್ರಾರಂಭವಾದದ್ದು.

ನಿಜವಾದ ಅಡ್ಡಿ

ಮೇಲೆ ಹೇಳಿದ್ದರಲ್ಲಿ ಒಂದು ಮಾತನ್ನು ವಾಚಕರು ಗಮನಿಸಿರಬಹುದು: ವಾರಕ್ಕೊಂದು ದೀರ್ಘ ಓಟ. ಎರಡು ಗಂಟೆ ಓಡಿದವನು ಆ ದಿನ ಮಲಗಬೇಕು, ಉಣ್ಣಬೇಕು, ಕಾಲು ಚಾಚಿ ಕೂರಬೇಕು. ಎಂದರೆ ಅದು ರಜೆಯ ದಿನವಾಗಿರಬೇಕು. ವಾರದ ರಜೆ ಇಲ್ಲದವನಿಗೆ ಅರ್ಧ ಮ್ಯಾರಥಾನ್ ಇಲ್ಲ. ಬೂಟನ್ನು ಸಾಲ ತಂದು ಕೊಳ್ಳಬಹುದು, ಶುಲ್ಕವನ್ನು ಚಂದಾ ಎತ್ತಿ ಕಟ್ಟಬಹುದು. ರಜೆಯನ್ನು ಸಾಲ ತರುವುದು ಎಲ್ಲಿಂದ? ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ.

ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಬೇಕೆಂಬುದು ಯಾರ ದಯೆಯೂ ಅಲ್ಲ, ಕಾನೂನು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯಿದೆ ಅದನ್ನು ಹೇಳುತ್ತದೆ. ಅದಕ್ಕೆ ಹಿಂದಿನ 1948ರ ಕಾಯಿದೆಯೂ ಹೇಳಿತ್ತು. ಆದರೂ ನಮ್ಮವರಲ್ಲಿ ಎಷ್ಟು ಮಂದಿಗೆ ಅದು ಸರಿಯಾಗಿ ಸಿಗುತ್ತದೆ? ತಿಂಗಳಿಗೆ ಎರಡು, ಅದೂ ಜನ ಸಾಕಷ್ಟಿದ್ದರೆ ಎಂಬ ಪದ್ಧತಿ ನಡೆದಿರುವ ಹೋಟೆಲುಗಳನ್ನು ನಾನು ಬಲ್ಲೆ. ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೋ ಎಂದು ವರ್ಷವಿಡೀ ರಜೆಯನ್ನು ಕೂಡಿಡಿಸುವವರೂ ಉಂಟು. ಕೂಡಿಟ್ಟ ಹಣ ಬೆಳೆಯಬಹುದು, ಕೂಡಿಟ್ಟ ನಿದ್ದೆ ಬೆಳೆಯುವುದಿಲ್ಲ. ವಾರವಾರದ ದಣಿವು ವಾರವಾರವೇ ಇಳಿಯಬೇಕು.

ಮಾಲೀಕರೂ ನಮ್ಮ ಊರಿನವರೇ. ಅವರಲ್ಲಿ ಅನೇಕರು ಕಪ್ಪು ಬಸಿ ತೊಳೆದೇ ಮೇಲೆ ಬಂದವರು. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಬಾಡಿಗೆ ಏರಿದೆ, ಜನ ಸಿಗುವುದಿಲ್ಲ, ರವಿವಾರವೇ ವ್ಯಾಪಾರದ ದಿನ. ರವಿವಾರವೇ ಬೇಕೆಂದು ನಾವೂ ಹಟ ಹಿಡಿಯುವುದಿಲ್ಲ. ಸೋಮವಾರವಾಗಲಿ ಬುಧವಾರವಾಗಲಿ, ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಲಿ, ಅದರಂತೆ ನಡೆಯಲಿ. ನಿಶ್ಚಿತವಾದ ರಜೆ ಇದ್ದರೆ ಹುಡುಗ ಓಡುತ್ತಾನೆ, ಇಲ್ಲವೇ ಓದುತ್ತಾನೆ, ಇಲ್ಲವೇ ಸುಮ್ಮನೆ ಮಲಗುತ್ತಾನೆ. ಯಾವುದೇ ಆದರೂ ಮರುದಿನ ಒಳ್ಳೆಯ ಮೋರೆಯಿಂದ ಕೆಲಸಕ್ಕೆ ಬರುತ್ತಾನೆ. ಇದರಿಂದ ಮಾಲೀಕರಿಗೆ ನಷ್ಟವಿಲ್ಲ.

ಕಳೆದ ಶತಮಾನದಲ್ಲಿ ನಮ್ಮ ಹಿರಿಯರು ಈ ನಗರದಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದಾಗಲೂ, ಮಾಣಿಗೆ ಓದು ಯಾಕೆ ಎಂದು ಕೇಳಿದವರಿದ್ದರು. ಮೇಜು ಒರೆಸಿದ ಕೈಯಲ್ಲೇ ಸ್ಲೇಟು ಹಿಡಿದು ಕಲಿತವರು ಮುಂದೆ ವಕೀಲರಾದರು, ಮಾಸ್ತರರಾದರು, ತಾವೇ ಹೋಟೆಲು ತೆರೆದರು. ಓಟದಿಂದ ವಕೀಲರಾಗುವುದಿಲ್ಲ, ನಿಜ. ಆದರೆ ದಿನವೆಲ್ಲ ಇನ್ನೊಬ್ಬರಿಗೆ ಮಾರಿದ ಮೇಲೂ ತನ್ನದೆಂದು ಒಂದಿಷ್ಟು ಉಳಿಸಿಕೊಳ್ಳುವ ಹಟ ಎರಡರಲ್ಲೂ ಒಂದೇ. ಆಗ ಮನಸ್ಸಿಗೆ ಬೇಕಾದದ್ದನ್ನು ಸಂಘಗಳು ಒದಗಿಸಿದವು. ಈಗ ಮೈಗೆ ಬೇಕಾದದ್ದನ್ನೂ ಒದಗಿಸಬೇಕು.

ಸಂಘದ ಕರ್ತವ್ಯ

ಆದ್ದರಿಂದ ನಮ್ಮ ಕಾರ್ಯಕಾರೀ ಸಮಿತಿಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದಾಗಿ, ಸಂಘದ ಹೆಸರಿನಲ್ಲಿ ಒಂದು ಓಟದ ತಂಡವನ್ನು ಕಟ್ಟಬೇಕು. ವಾರಕ್ಕೆ ಎರಡು ಸಲ, ಬೆಳಗ್ಗೆ ಒಂದು ಗುಂಪು, ಸಂಜೆ ಒಂದು ಗುಂಪು ಸೇರಲಿ. ಒಬ್ಬನೇ ಓಡುವವನು ಮೂರನೆಯ ವಾರಕ್ಕೆ ಬಿಡುತ್ತಾನೆ. ಹತ್ತು ಮಂದಿಯ ಜೊತೆ ಓಡುವವನು ನಾಚಿಕೆಗಾದರೂ ಬರುತ್ತಾನೆ. ಎರಡನೆಯದಾಗಿ, ವರ್ಷಕ್ಕೊಮ್ಮೆ ನಡೆಸುವ ವೈದ್ಯಕೀಯ ತಪಾಸಣೆಯ ಶಿಬಿರವನ್ನು ಚೌತಿಗೆ ಮೊದಲೇ ಇಟ್ಟುಕೊಂಡು, ಓಡಬಯಸುವವರನ್ನೆಲ್ಲ ಅಲ್ಲಿ ನೋಡಿಸಬೇಕು. ಮೂರನೆಯದಾಗಿ, ಐದಾರು ಮಂದಿಯ ಪ್ರವೇಶಶುಲ್ಕವನ್ನು ಸಂಘ ಕಟ್ಟಬೇಕು. ವಾರ್ಷಿಕೋತ್ಸವದ ಶಾಲು ಹಾರಗಳ ಖರ್ಚನ್ನು ಅರ್ಧಕ್ಕೆ ಇಳಿಸಿದರೆ ಇದಕ್ಕೆ ಹಣ ತಾನಾಗಿ ಒದಗುತ್ತದೆ. ನಾಲ್ಕನೆಯದಾಗಿ, ನಮ್ಮ ಹೆಣ್ಣುಮಕ್ಕಳನ್ನು ಮರೆಯಬಾರದು. ಮನೆಗೆಲಸ, ಹೊರಗೆಲಸ ಎರಡನ್ನೂ ಹೊತ್ತ ಅವರಿಗೆ ತಮ್ಮದೆಂಬ ಗಂಟೆ ನಮಗಿಂತಲೂ ಕಡಿಮೆ. ಅವರ ಗುಂಪೊಂದು ಬೇರೆಯೇ ಇರಲಿ, ಆ ಹೊತ್ತಿಗೆ ಮಕ್ಕಳನ್ನು ಗಂಡಸರು ನೋಡಿಕೊಳ್ಳಲಿ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಯಾವ ಯಾವ ಹೋಟೆಲಿನಲ್ಲಿ ವಾರದ ರಜೆ ಸರಿಯಾಗಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನು ಸಂಘ ವಿಚಾರಿಸಿ ಬರೆದಿಡಬೇಕು. ಸಿಗದ ಕಡೆ ಮೊದಲು ಊರಿನವರಂತೆ ಮಾತಾಡಬೇಕು. ಮಾತಿಗೆ ಬಗ್ಗದಿದ್ದರೆ ಕಾನೂನಿನಂತೆ ಮಾತಾಡಬೇಕು. ಓಟದ ತಂಡವನ್ನು ಕಟ್ಟಿ ರಜೆಯ ಪ್ರಶ್ನೆಯನ್ನು ಬಿಟ್ಟರೆ, ಕೈಯಲ್ಲಿ ಸಮಯವಿರುವ ನಾಲ್ಕು ಮಂದಿಯ ಮೋಜಾಗಿ ಅದು ಮುಗಿಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಓಡದವರಿಗೂ ಅದರಿಂದ ಲಾಭವಾಗುತ್ತದೆ.

ನಕ್ಕ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬರುವ ಜನವರಿಯಲ್ಲಿ ನಮ್ಮ ಹುಡುಗರು ಓಡುವಾಗ ತಾವು ಪೆಡ್ಡರ್ ರೋಡಿನ ಏರಿನ ಬಳಿ ಬಂದು ನಿಲ್ಲಬೇಕು. ಕೈಯಲ್ಲಿ ಬಾಳೆಹಣ್ಣಿನ ಒಂದು ಚಿಪ್ಪಿದ್ದರೆ ಸಾಕು, ಬಾಯಲ್ಲಿ ಕನ್ನಡದ ಎರಡು ಮಾತಿದ್ದರೆ ಸಾಕು. ಆ ಜಾಗದಲ್ಲಿ ಕೇಳಿಬಂದ ತನ್ನೂರಿನ ಮಾತು ಎಂಥ ದಣಿದವನನ್ನೂ ಇನ್ನೆರಡು ಕಿಲೋಮೀಟರು ಮುಂದೆ ನೂಕುತ್ತದೆ. ಹೆಸರು ಕೊಡಲಿಚ್ಛಿಸುವ ಬಾಂಧವರು ಸಂಜೆಯ ಹೊತ್ತು ಸಂಘದ ಕಚೇರಿಗೆ ಬಂದು ಪುಸ್ತಕದಲ್ಲಿ ಬರೆಸಬಹುದು. ಬರೆಸುವಾಗ ತಮ್ಮ ವಾರದ ರಜೆ ಯಾವ ದಿನವೆಂಬುದನ್ನೂ ತಪ್ಪದೆ ತಿಳಿಸಬೇಕು. ರಜೆಯೇ ಇಲ್ಲದಿದ್ದರೆ ಅದನ್ನೂ ತಿಳಿಸಬೇಕು.

— ಸಂಘದ ಒಬ್ಬ ಸದಸ್ಯ